ಎರಡು ನುಡಿಗಳ ರಾಜಧಾನಿ: ಹೆಲ್ಸಿಂಕಿಯಲ್ಲಿ ಅರ್ಧ ದಿನ

ಒಂದು ನಗರವನ್ನು ಪೂರ್ಣವಾಗಿ ಅರಿಯಲು ಅರ್ಧ ದಿನ ಏನೂ ಸಾಲದು. ಆದರೆ ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನಿಟ್ಟುಕೊಂಡು ನೋಡುವವನಿಗೆ ಅರ್ಧ ದಿನವೂ ಒಳ್ಳೆಯ ಪಾಠವಾಗಬಲ್ಲದು. ಕಳೆದ ಮೇ ತಿಂಗಳ ರಜೆಯಲ್ಲಿ ಫಿನ್‌ಲೆಂಡ್ ದೇಶದ ಶಾಲೆಗಳನ್ನು ನೋಡಲು ಹೊರಟ ಶಿಕ್ಷಕರ ತಂಡವೊಂದರಲ್ಲಿ ನಾವೂ ಇದ್ದೆವು. ಶಾಲಾಸಂದರ್ಶನಗಳ ನಡುವೆ ಒಂದು ಮುಂಜಾನೆ ಬಿಡುವು ದೊರೆಯಿತು. ಆ ಮೂರೂವರೆ ಗಂಟೆಗಳಲ್ಲಿ ಮಾರ್ಗದರ್ಶಕಿಯೊಬ್ಬರೊಡನೆ ಬಸ್ಸಿನಲ್ಲಿ ರಾಜಧಾನಿ ಹೆಲ್ಸಿಂಕಿಯನ್ನು ಸುತ್ತಿ ಬಂದೆವು. ಸೊಲ್ಲಾಪುರದ ಸೀಮೆಯಲ್ಲಿ, ಮರಾಠಿಯ ನೆರೆಯಲ್ಲಿ, ಕನ್ನಡ ಶಾಲೆಯನ್ನು ನಡೆಸುವ ನಮ್ಮ ಮನಸ್ಸಿನಲ್ಲಿದ್ದ ಪ್ರಶ್ನೆ ಇದು: ಒಂದೇ ಊರಿನಲ್ಲಿ ಎರಡು ಭಾಷೆಗಳು ಒಂದನ್ನೊಂದು ಅಳಿಸದೆ ಬಾಳುವುದು ಹೇಗೆ?

ವಿದ್ಯಾರ್ಥಿಗಳೇ, ಮೊದಲು ಭೂಪಟವನ್ನು ತೆರೆದು ನೋಡಿರಿ. ಯುರೋಪಿನ ಉತ್ತರ ಭಾಗದಲ್ಲಿ, ಬಾಲ್ಟಿಕ್ ಸಮುದ್ರದ ಒಂದು ಕೊಲ್ಲಿಯ ದಡದಲ್ಲಿ, ೬೦ನೆಯ ಅಕ್ಷಾಂಶದ ಬಳಿ ಹೆಲ್ಸಿಂಕಿ ಇದೆ. ನಮ್ಮ ಸೊಲ್ಲಾಪುರ ಇರುವುದು ೧೮ನೆಯ ಅಕ್ಷಾಂಶಕ್ಕಿಂತ ತುಸು ಕೆಳಗೆ. ಆದುದರಿಂದ ಅಲ್ಲಿ ಮೇ ತಿಂಗಳ ಕೊನೆಯಲ್ಲಿ ರಾತ್ರಿ ಹತ್ತು ಗಂಟೆಯಾದರೂ ಬೆಳಕು ಆರುವುದಿಲ್ಲ. ಚಳಿಗಾಲದಲ್ಲಿಯಾದರೋ ಹಗಲೆಂಬುದು ಆರು ಗಂಟೆಗಳಿಗಿಂತಲೂ ಕಡಿಮೆ.

೧೫೫೦ರಲ್ಲಿ ಸ್ವೀಡನ್ನಿನ ದೊರೆ ಗುಸ್ತಾವ್ ವಾಸಾ ವ್ಯಾಪಾರಕ್ಕಾಗಿ ಈ ಊರನ್ನು ಸ್ಥಾಪಿಸಿದನು. ೧೬೪೦ರಲ್ಲಿ ಅದನ್ನು ಈಗಿರುವ ಸ್ಥಳಕ್ಕೆ ಸಾಗಿಸಲಾಯಿತು. ಶತಮಾನಗಳ ಕಾಲ ಫಿನ್‌ಲೆಂಡ್ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ೧೮೦೯ರಲ್ಲಿ ರಷ್ಯದ ಚಕ್ರವರ್ತಿಯ ವಶವಾಯಿತು. ೧೮೧೨ರಲ್ಲಿ ತುರ್ಕು ನಗರದಲ್ಲಿದ್ದ ರಾಜಧಾನಿ ಹೆಲ್ಸಿಂಕಿಗೆ ಬಂದಿತು. ತುರ್ಕು ನಗರವು ೧೮೨೭ರಲ್ಲಿ ಬೆಂಕಿಗೆ ಆಹುತಿಯಾಗಲು, ಮರುವರ್ಷ ವಿಶ್ವವಿದ್ಯಾಲಯವೂ ಇಲ್ಲಿಗೇ ಬಂದಿತು. ೧೯೧೭ರ ಡಿಸೆಂಬರ್ ೬ರಂದು ದೇಶವು ಸ್ವತಂತ್ರವಾಯಿತು. ಇಷ್ಟು ದೀರ್ಘ ಕಾಲವೂ ಬಹುಸಂಖ್ಯಾತ ರೈತರ ಮನೆಮಾತು ಫಿನ್ನಿಷ್. ಆದರೆ ಕಚೇರಿ, ನ್ಯಾಯಾಲಯ, ಉನ್ನತ ವಿದ್ಯೆಗಳ ಭಾಷೆ ಸ್ವೀಡಿಷ್. ರಷ್ಯದ ಆಳ್ವಿಕೆ ಬಂದ ಮೇಲೂ ಬಹುಕಾಲ ಈ ಸ್ಥಿತಿಯೇ ಮುಂದುವರಿಯಿತು.

ನಮ್ಮ ಬಸ್ಸು ಮೊದಲು ನಿಂತುದು ಸೆನೆಟ್ ಚೌಕದಲ್ಲಿ. ಉತ್ತರಕ್ಕೆ ವಿಶಾಲವಾದ ಮೆಟ್ಟಿಲುಗಳ ಮೇಲೆ ಬಿಳಿಯ ಗೋಡೆ, ಹಸಿರು ಗುಮ್ಮಟಗಳ ಮಹಾದೇವಾಲಯ, ಪೂರ್ವಕ್ಕೆ ಸರಕಾರದ ಭವನ, ಪಶ್ಚಿಮಕ್ಕೆ ವಿಶ್ವವಿದ್ಯಾಲಯ. ಈ ಮೂರನ್ನೂ ರೂಪಿಸಿದವನು ಬರ್ಲಿನ್ನಿನಲ್ಲಿ ಜನಿಸಿದ ವಾಸ್ತುಶಿಲ್ಪಿ ಕಾರ್ಲ್ ಲುದ್ವಿಗ್ ಎಂಗೆಲ್. ದೇವಾಲಯದ ಕಟ್ಟಡ ೧೮೩೦ರಲ್ಲಿ ಆರಂಭವಾಗಿ ೧೮೫೨ರಲ್ಲಿ ಮುಗಿಯಿತು. ಅದನ್ನು ಪೂರ್ಣಗೊಂಡ ರೂಪದಲ್ಲಿ ಕಾಣುವ ಭಾಗ್ಯ ೧೮೪೦ರಲ್ಲಿಯೇ ತೀರಿಕೊಂಡ ಎಂಗೆಲನಿಗೆ ದೊರೆಯಲಿಲ್ಲ. ಧರ್ಮ, ಆಡಳಿತ, ವಿದ್ಯೆ ಮೂರೂ ಒಂದೇ ಅಂಗಳದಲ್ಲಿ ಎದುರುಬದುರಾಗಿ ನಿಂತಿವೆ.

ಚೌಕದ ನಡುವೆ ರಷ್ಯದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಪ್ರತಿಮೆಯಿದೆ. ಅದನ್ನು ಸ್ಥಾಪಿಸಿದುದು ೧೮೯೪ರಲ್ಲಿ. ಸ್ವತಂತ್ರ ದೇಶವೊಂದು ತನ್ನನ್ನು ಆಳಿದ ಪರದೊರೆಯ ಪ್ರತಿಮೆಯನ್ನು ಏಕೆ ಉಳಿಸಿಕೊಂಡಿದೆ? ಕಾರಣವಿದೆ. ೧೮೬೩ರಲ್ಲಿ ಈತನು ಹೊರಡಿಸಿದ ಆಜ್ಞೆಯೊಂದರಿಂದ, ಇಪ್ಪತ್ತು ವರ್ಷಗಳೊಳಗೆ ಕಚೇರಿ, ನ್ಯಾಯಾಲಯಗಳಲ್ಲಿ ಫಿನ್ನಿಷ್ ಭಾಷೆಗೆ ಸ್ವೀಡಿಷ್‌ಗೆ ಸಮನಾದ ಸ್ಥಾನ ದೊರೆಯಬೇಕೆಂದು ನಿಶ್ಚಯವಾಯಿತು. ಮುಂದೆ ೧೮೯೯ರಲ್ಲಿ ಇನ್ನೊಬ್ಬ ಚಕ್ರವರ್ತಿ ಫಿನ್‌ಲೆಂಡಿನ ಹಕ್ಕುಗಳನ್ನು ಮೊಟಕುಗೊಳಿಸಿದಾಗ ಜನರು ಈ ಪ್ರತಿಮೆಯ ಪಾದದಲ್ಲಿ ಹೂಗಳನ್ನು ರಾಶಿ ಹಾಕಿ ತಮ್ಮ ಪ್ರತಿಭಟನೆಯನ್ನು ಮೌನವಾಗಿ ಸೂಚಿಸಿದರು.

೧೮೬೩ರ ಆ ಆಜ್ಞೆಯ ಹಿಂದೆ ಶ್ರಮಿಸಿದವರು ತತ್ತ್ವಜ್ಞ ಸ್ನೆಲ್‌ಮನ್. ಅವರ ಪ್ರತಿಮೆ ಸಮೀಪದಲ್ಲಿಯೇ, ಫಿನ್‌ಲೆಂಡ್ ಬ್ಯಾಂಕಿನ ಮುಂದೆ ಇದೆ. ೧೯೪೪ರ ಬಾಂಬುದಾಳಿಯಲ್ಲಿ ಅದರ ಪೀಠಕ್ಕೆ ಆದ ಗಾಯಗಳನ್ನು ಮುಚ್ಚದೆ ಹಾಗೆಯೇ ಬಿಟ್ಟಿದ್ದಾರೆ. ಗಮನಿಸತಕ್ಕ ಸಂಗತಿಯೆಂದರೆ, ಫಿನ್ನಿಷ್ ಭಾಷೆಗಾಗಿ ಹೋರಾಡಿದ ಈ ಮಹನೀಯರ ಮನೆಮಾತು ಸ್ವೀಡಿಷ್. ನೆರೆಯವನ ಭಾಷೆಗೂ ಶಾಲೆ ಬೇಕು, ಕಚೇರಿಯಲ್ಲಿ ಸ್ಥಾನ ಬೇಕು ಎಂದು ವಾದಿಸಲು ತನ್ನ ಭಾಷೆಯನ್ನು ತೊರೆಯಬೇಕಾಗಿಲ್ಲವೆಂಬುದಕ್ಕೆ ಅವರೇ ನಿದರ್ಶನ.

ಅಲ್ಲಿಂದ ಇಳಿದು ಹೋದರೆ ಸಮುದ್ರದಂಚಿನ ಸಂತೆಯ ಚೌಕ. ಮೀನು, ಹಣ್ಣು, ಉಣ್ಣೆಯ ಟೊಪ್ಪಿಗೆಗಳ ಮಾರಾಟ ನಡೆಯುತ್ತದೆ. ಕಡಲಹಕ್ಕಿಗಳು ಗಿರಾಕಿಗಳ ಕೈಯ ತಿಂಡಿಗಾಗಿ ಹೊಂಚುತ್ತಿರುತ್ತವೆ. ಪಕ್ಕದ ದಿಬ್ಬದ ಮೇಲೆ ಕೆಂಪು ಇಟ್ಟಿಗೆಯ ಉಸ್ಪೆನ್‌ಸ್ಕಿ ದೇವಾಲಯ ಕಾಣುತ್ತದೆ. ೧೮೬೮ರಲ್ಲಿ ಪೂರ್ಣವಾದ ಈ ರಷ್ಯನ್ ಶೈಲಿಯ ಕಟ್ಟಡಕ್ಕೆ, ಯುದ್ಧದಲ್ಲಿ ನಾಶವಾದ ಬೊಮಾರ್‌ಸುಂಡ್ ಕೋಟೆಯ ಇಟ್ಟಿಗೆಗಳನ್ನು ತಂದು ಬಳಸಿದರು.

ಈ ಸಂತೆಯ ಚೌಕದಲ್ಲಿಯೇ ನಮ್ಮ ಪ್ರಶ್ನೆಗೆ ಮೊದಲ ಉತ್ತರ ಗೋಡೆಯ ಮೇಲೆ ಬರೆದಿತ್ತು. ನಾಮಫಲಕದ ಮೇಲಿನ ಸಾಲಿನಲ್ಲಿ ‘ಕೌಪ್ಪಾತೋರಿ’ ಎಂದು ಫಿನ್ನಿಷ್ ಹೆಸರು. ಕೆಳಗಿನ ಸಾಲಿನಲ್ಲಿ ‘ಸಾಲುತೋರ್ಯೆಟ್’ ಎಂದು ಸ್ವೀಡಿಷ್ ಹೆಸರು. ಅಕ್ಷರಗಳ ಗಾತ್ರ ಒಂದೇ. ಊರಿಗೂ ಎರಡು ಹೆಸರು: ಹೆಲ್ಸಿಂಕಿ, ಹೆಲ್ಸಿಂಗ್‌ಫೋರ್ಸ್. ಆ ಮೇಲೆ ದಾರಿಯುದ್ದಕ್ಕೂ ನಾವು ಫಲಕಗಳನ್ನೇ ಓದುತ್ತ ಹೋದೆವು.

ಎಸ್‌ಪ್ಲನಾದಿ ಎಂಬ ಉದ್ಯಾನಬೀದಿಯಲ್ಲಿ ರಾಷ್ಟ್ರಕವಿ ರೂನೆಬೆರ್ಗ್ ಅವರ ಪ್ರತಿಮೆಯಿದೆ. ದೇಶದ ರಾಷ್ಟ್ರಗೀತೆಯನ್ನು ಅವರು ಬರೆದುದು ಸ್ವೀಡಿಷಿನಲ್ಲಿ. ಈಗ ಬಹುಮಂದಿ ಹಾಡುವುದು ಅದರ ಫಿನ್ನಿಷ್ ಅನುವಾದವನ್ನು. ಬೀದಿಯ ಕೊನೆಗೆ ಸ್ವೀಡಿಷ್ ನಾಟಕಶಾಲೆ. ಮಕ್ಕಳು ಪ್ರೀತಿಸುವ ‘ಮೂಮಿನ್’ ಕಥೆಗಳ ಲೇಖಕಿ ತೂವೆ ಯಾನ್‌ಸನ್ ೧೯೧೪ರಲ್ಲಿ ಜನಿಸಿದುದು ಇದೇ ನಗರದಲ್ಲಿ. ಆಕೆಯ ಬರವಣಿಗೆಯೂ ಸ್ವೀಡಿಷಿನಲ್ಲಿಯೇ.

ರೈಲುನಿಲ್ದಾಣದ ಬಳಿಯ ರಾಷ್ಟ್ರೀಯ ನಾಟಕಶಾಲೆಯ ಮುಂದೆ ಚಿಂತಾಮಗ್ನನಾಗಿ ಕುಳಿತ ಇನ್ನೊಬ್ಬನ ಪ್ರತಿಮೆಯನ್ನು ಕಂಡೆವು. ಆತನೇ ಅಲೆಕ್ಸಿಸ್ ಕಿವಿ. ಫಿನ್ನಿಷ್ ಭಾಷೆಯ ಮೊದಲ ಮಹತ್ವದ ಕಾದಂಬರಿ ‘ಏಳು ಮಂದಿ ಸೋದರರು’ ೧೮೭೦ರಲ್ಲಿ ಪ್ರಕಟವಾಯಿತು. ಓದು ಕಲಿಯಲಾರದೆ ಗುರುವಿನ ಮನೆಯ ಕಿಟಕಿ ಹಾರಿ ಓಡುವ ಏಳು ಮಂದಿ ಒರಟು ಸೋದರರು, ಬಹಳ ಪಾಡುಪಟ್ಟು ಕೊನೆಗೆ ಅಕ್ಷರಸ್ಥರಾಗುವುದು ಅದರ ಕಥೆ. ಅಂದಿನ ಪ್ರಸಿದ್ಧ ಪಂಡಿತರೊಬ್ಬರು ಅದನ್ನು ಕಟುವಾಗಿ ಹಳಿದರು. ಕಿವಿ ೧೮೭೨ರಲ್ಲಿ, ೩೮ನೆಯ ವಯಸ್ಸಿನಲ್ಲಿ, ಬಡತನದಲ್ಲಿಯೇ ಕಣ್ಮುಚ್ಚಿದನು. ಇಂದು ಅವನೇ ಆ ಭಾಷೆಯ ಗೌರವ. ಫಿನ್ನಿಷ್ ಮಾಧ್ಯಮದ ಮೊದಲ ಪ್ರೌಢಶಾಲೆ ಯುವಾಸ್ಕುಲಾ ಪಟ್ಟಣದಲ್ಲಿ ತೆರೆದುದು ೧೮೫೮ರಲ್ಲಿ. ಶಾಲೆಗಳು ಹೆಚ್ಚಿದಂತೆ ಕಿವಿಯ ಓದುಗರೂ ಹೆಚ್ಚಿದರು. ಶಾಲೆಯಿಲ್ಲದ ಭಾಷೆಗೆ ಸಾಹಿತಿ ಹುಟ್ಟಬಹುದು. ಓದುಗರು ಹುಟ್ಟುವುದು ಕಷ್ಟ.

ಮುಂದೆ ಕಲ್ಲುಕಂಬಗಳ ಸಂಸತ್ ಭವನ. ಇದು ೧೯೩೧ರ ಕಟ್ಟಡ. ೧೯೦೬ರಲ್ಲಿಯೇ ಈ ದೇಶದ ಸ್ತ್ರೀಯರು ಮತ ಹಾಕುವ ಮತ್ತು ಚುನಾವಣೆಗೆ ನಿಲ್ಲುವ ಹಕ್ಕುಗಳೆರಡನ್ನೂ ಪಡೆದರು. ಮರುವರ್ಷ ೧೯ ಮಂದಿ ಸ್ತ್ರೀಯರು ಸಭೆಗೆ ಆಯ್ಕೆಯಾದರು. ಸಂಸತ್ತಿನ ಎದುರಿಗೇ ೨೦೧೮ರ ಡಿಸೆಂಬರಿನಲ್ಲಿ ತೆರೆದ ಕೇಂದ್ರ ಗ್ರಂಥಾಲಯವಿದೆ. ಸ್ವಾತಂತ್ರ್ಯದ ನೂರನೆಯ ವರ್ಷಕ್ಕೆ ನಾಡು ಜನರಿಗೆ ಕೊಟ್ಟ ಕಾಣಿಕೆ ಅದು. ಮಾರ್ಗದರ್ಶಕಿ ಅದರ ಹೆಸರನ್ನು ಹೇಳಿದಾಗ ನಮ್ಮ ಕಿವಿಗೆ ಬಿದ್ದುದು ‘ಓದಿ’ ಎಂದು! ಅವರ ಭಾಷೆಯಲ್ಲಿ ಆ ಪದಕ್ಕೆ ಸ್ತುತಿಗೀತೆಯೆಂಬ ಅರ್ಥ. ಗ್ರಂಥಾಲಯಕ್ಕೆ ನಮ್ಮ ಕನ್ನಡದ ಅರ್ಥವೂ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಮೇಲಿನ ಅಂತಸ್ತಿನಲ್ಲಿ ಪುಸ್ತಕಗಳು. ನಡುವಿನ ಅಂತಸ್ತಿನಲ್ಲಿ ಹೊಲಿಗೆಯ ಯಂತ್ರಗಳು, ಕೆಲಸದ ಕೋಣೆಗಳು. ಯಾರು ಬೇಕಾದರೂ ಒಳಗೆ ಹೋಗಬಹುದು.

ಅನಂತರ ೧೯೩೮ರಲ್ಲಿ ತೆರೆದ ಒಲಿಂಪಿಕ್ ಕ್ರೀಡಾಂಗಣ. ಅದರ ಗೋಪುರದ ಎತ್ತರ ೭೨.೭೧ ಮೀಟರ್. ೧೯೩೨ರ ಒಲಿಂಪಿಕ್ಸಿನಲ್ಲಿ ಮತ್ತಿ ಯಾರ್ವಿನೆನ್ ಭರ್ಜಿ ಎಸೆದು ಚಿನ್ನ ಗೆದ್ದ ದೂರವೂ ಅಷ್ಟೇ. ೧೯೫೨ರ ಒಲಿಂಪಿಕ್ ಪಂದ್ಯಗಳು ಈ ನಗರದಲ್ಲಿಯೇ ನಡೆದವು. ಕರಾಡ ಬಳಿಯ ಗೋಳೇಶ್ವರ ಗ್ರಾಮದ ಕುಸ್ತಿಪಟು ಖಾಶಾಬಾ ಜಾಧವರು ಇಲ್ಲಿ ಕಂಚಿನ ಪದಕವನ್ನು ಪಡೆದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕವದು. ನಮ್ಮ ರಾಜ್ಯದ ಹಳ್ಳಿಯ ಗರಡಿಯಿಂದ ಹೊರಟವರೊಬ್ಬರು ಇಷ್ಟು ದೂರ ಬಂದು ಗೆದ್ದರೆಂದು ನೆನೆದು ನಾವೆಲ್ಲರೂ ಅಲ್ಲಿ ಒಂದು ಕ್ಷಣ ಮೌನವಾಗಿ ನಿಂತೆವು.

ಕೊನೆಯ ಎರಡು ನಿಲುಗಡೆಗಳಲ್ಲಿ ಒಂದು ಸಂಗೀತಕಾರ ಸಿಬೇಲಿಯುಸ್ ಅವರ ಸ್ಮಾರಕ. ಶಿಲ್ಪಿ ಐಲಾ ಹಿಲ್ತುನೆನ್ ಎಂಬ ಮಹಿಳೆ ಆರುನೂರಕ್ಕೂ ಹೆಚ್ಚು ಉಕ್ಕಿನ ಕೊಳವೆಗಳನ್ನು ಜೋಡಿಸಿ ರಚಿಸಿದ ಈ ಕೃತಿ ೧೯೬೭ರಲ್ಲಿ ಅನಾವರಣಗೊಂಡಿತು. ವ್ಯಕ್ತಿಯ ರೂಪವೇ ಇಲ್ಲದ ಸ್ಮಾರಕವೇನೆಂದು ಜನರು ವಾದಿಸಿದ್ದರಿಂದ ಸಂಗೀತಕಾರರ ಮುಖವನ್ನೂ ಪಕ್ಕದಲ್ಲಿ ಸೇರಿಸಲಾಯಿತು. ಸಿಬೇಲಿಯುಸರ ಮನೆಮಾತು ಸ್ವೀಡಿಷ್. ಅವರು ಓದಿದುದು ಫಿನ್ನಿಷ್ ಮಾಧ್ಯಮದ ಶಾಲೆಯಲ್ಲಿ. ಎರಡನೆಯದು, ನೆಲದ ಬಂಡೆಯನ್ನೇ ಕೊರೆದು ೧೯೬೯ರಲ್ಲಿ ಪೂರ್ಣಗೊಳಿಸಿದ ತೆಂಪ್ಪೆಲಿಔಕಿಯೊ ದೇವಾಲಯ. ನಮ್ಮ ವೇರೂಳದ ಗುಹೆಗಳಂತೆ ಸುತ್ತಲೂ ಕಲ್ಲಿನ ಗೋಡೆ; ಮೇಲೆ ಮಾತ್ರ ತಾಮ್ರದ ಗುಮ್ಮಟ. ಒರಟಾದ ಬಂಡೆಯನ್ನು ನಯಗೊಳಿಸದೆ ಬಿಟ್ಟುದರಿಂದಲೇ ಒಳಗೆ ಸಂಗೀತ ಇಂಪಾಗಿ ಕೇಳುವುದಂತೆ.

ಸುತ್ತಾಟವಾದ ಮೇಲೆ ನಮ್ಮ ಪ್ರಶ್ನೆಯನ್ನು ಮಾರ್ಗದರ್ಶಕಿಯ ಮುಂದೆ ಇಟ್ಟೆವು. ಅಲ್ಲಿಯ ವ್ಯವಸ್ಥೆಯ ತಿರುಳು ಹೀಗಿದೆ. ಸುಮಾರು ೫೬ ಲಕ್ಷ ಜನರಿರುವ ಆ ದೇಶದಲ್ಲಿ ಸ್ವೀಡಿಷ್ ಮನೆಮಾತಿನವರು ಶೇಕಡ ೫ರಷ್ಟು ಮಾತ್ರ. ಆದರೂ ೧೯೧೯ರ ಸಂವಿಧಾನದಿಂದ ಎರಡೂ ರಾಷ್ಟ್ರಭಾಷೆಗಳು. ಒಂದು ಊರಿನಲ್ಲಿ ಅಲ್ಪಸಂಖ್ಯಾತ ಭಾಷೆಯವರು ಶೇಕಡ ೮ರಷ್ಟು, ಇಲ್ಲವೇ ೩,೦೦೦ ಮಂದಿ ಇದ್ದರೆ ಆ ಊರು ದ್ವಿಭಾಷಾ ಊರಾಗುತ್ತದೆ. ಫಲಕ, ಕಚೇರಿ, ಸೇವೆಗಳು ಎರಡು ಭಾಷೆಗಳಲ್ಲಿಯೂ ಇರಬೇಕಾಗುತ್ತದೆ. ಈ ಎಣಿಕೆಗೆ ಆಧಾರ, ಜನಸಂಖ್ಯಾ ದಾಖಲೆಯಲ್ಲಿ ತಂದೆತಾಯಿಗಳು ತಮ್ಮ ಮಗುವಿನ ಮಾತೃಭಾಷೆಯೆಂದು ಬರೆಯಿಸಿದ ಒಂದೇ ಒಂದು ಪದ. ಬಾಲವಾಡಿಯಿಂದ ವಿಶ್ವವಿದ್ಯಾಲಯದವರೆಗೂ ಸ್ವೀಡಿಷಿನಲ್ಲಿ ಓದಬಹುದು. ಅಲ್ಲದೆ ಸಾಮಾನ್ಯವಾಗಿ ಶಾಲೆಗಳಲ್ಲಿ ಮಕ್ಕಳು ಇನ್ನೊಂದು ರಾಷ್ಟ್ರಭಾಷೆಯನ್ನು ಕಲಿಯುತ್ತಾರೆ.

ಇದೆಲ್ಲವೂ ಸುಲಭವಾಗಿ ಬಂದುದಲ್ಲ. ೧೯೨೦ ಮತ್ತು ೩೦ರ ದಶಕಗಳಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಭಾಷೆಯ ಜಗಳಗಳು ಉಗ್ರವಾಗಿಯೇ ನಡೆದವು. ಉತ್ತರದ ಸಾಮಿ ಜನರ ಮಕ್ಕಳು ವಸತಿಶಾಲೆಗಳಲ್ಲಿ ತಮ್ಮ ನುಡಿಯನ್ನೇ ಮರೆಯುವಂತಾಯಿತು. ಆ ನಷ್ಟವನ್ನು ತುಂಬುವ ಪ್ರಯತ್ನ ಇಂದಿಗೂ ನಡೆದಿದೆ. ಶಾಲೆಯಿದ್ದ ಭಾಷೆ ಉಳಿಯಿತು. ಶಾಲೆ ತಪ್ಪಿದ ಭಾಷೆ ಸೊರಗಿತು.

ಪಾಲಕರೇ, “ಕನ್ನಡ ಶಾಲೆಯಲ್ಲಿ ಓದಿಸಿದರೆ ಮುಂದೇನು?” ಎಂದು ನೀವು ಪ್ರತಿ ವರ್ಷ ಪ್ರವೇಶದ ಸಮಯದಲ್ಲಿ ನಮ್ಮನ್ನು ಕೇಳುತ್ತೀರಿ. ಪ್ರಶ್ನೆ ನ್ಯಾಯವಾದುದೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಕಲ್ಪಿಸಬೇಕೆಂದು ನಮ್ಮ ಸಂವಿಧಾನದ ೩೫೦ಎ ವಿಧಿ ೧೯೫೬ರಿಂದ ಹೇಳುತ್ತಿದೆ. ಆದರೆ ಕಾನೂನು ಬಾಗಿಲನ್ನು ತೆರೆಯಬಲ್ಲದು; ಮಗುವಿನ ಕೈಹಿಡಿದು ಒಳಗೆ ಕರೆತರುವವರು ತಂದೆತಾಯಿಗಳೇ. ತರಗತಿಯಲ್ಲಿ ಮಕ್ಕಳಿಲ್ಲದ ಶಾಲೆಯನ್ನು ಯಾವ ವಿಧಿಯೂ ಕಾಪಾಡಲಾರದು. ಜನಗಣತಿಯವರು ಮನೆಗೆ ಬಂದಾಗ ಮಾತೃಭಾಷೆ ಕನ್ನಡವೆಂದು ಸಂಕೋಚವಿಲ್ಲದೆ ಬರೆಯಿಸಿರಿ. ಮಕ್ಕಳು ಕನ್ನಡದೊಡನೆ ಮರಾಠಿಯನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ; ಅದರ ಹೊಣೆ ನಮ್ಮದು. ನೆರೆಯ ನುಡಿಯನ್ನು ಬಲ್ಲವನು ತನ್ನ ನುಡಿಯನ್ನು ಅಂಜದೆ ಆಡುತ್ತಾನೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸವಿದೆ. ಬರುವ ದೀಪಾವಳಿಯ ರಜೆಯಲ್ಲಿ ನಿಮ್ಮ ಊರನ್ನು ಅರ್ಧ ದಿನ ಸುತ್ತಿ ಬನ್ನಿರಿ. ಯಾವ ಫಲಕ ಯಾವ ಭಾಷೆಯಲ್ಲಿದೆ, ಗುಡಿಯ ಕಲ್ಲಿನ ಮೇಲೆ ಯಾವ ಲಿಪಿಯಿದೆ, ಅಜ್ಜ ಅಜ್ಜಿಯರು ಓದಿದ ಶಾಲೆ ಯಾವುದು ಎಂದು ವಿಚಾರಿಸಿ ಬರೆದು ತನ್ನಿರಿ. ವಚನಕಾರ ಸಿದ್ಧರಾಮನ ಸೊಲ್ಲಾಪುರವೂ ಎರಡು ನುಡಿಗಳ ಊರೇ. ಅದನ್ನು ಓದಲು ಕಲಿತವರಿಗೆ ಜಗತ್ತಿನ ಯಾವ ರಾಜಧಾನಿಯೂ ಅಪರಿಚಿತವಾಗಿ ಕಾಣದು.