ಒಂದೇ ಮನೆ, ಎರಡು ಲೆಕ್ಕ

ಬೆಂಗಳೂರಿನ ವಿಜಯನಗರದಲ್ಲಿ ಈ ಅಂಕಣಕಾರನ ಭಾವನಿಗೆ ಮೂರು ಅಂತಸ್ತಿನ ಮನೆಯಿದೆ. ಕೆಳಗೆ ಅವರ ಸಂಸಾರ. ಮೊದಲ ಮಹಡಿಗೆ ತಿಂಗಳಿಗೆ 22,000, ಎರಡನೆಯದಕ್ಕೆ 18,000 ರೂಪಾಯಿ ಬಾಡಿಗೆ. ಖಾಸಗಿ ಕಂಪನಿಯ ಕೆಲಸ, ಸಂಬಳ ಶೇ 30ರ ಸ್ಲ್ಯಾಬಿನಲ್ಲಿ. ಬಾಡಿಗೆಯನ್ನು ಅವರು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಎಂದೂ ಮುಚ್ಚಿಟ್ಟವರಲ್ಲ. ಮುಚ್ಚಿಡಲು ಬರುವುದೂ ಇಲ್ಲ. ಬಾಡಿಗೆದಾರರು ಎಚ್‌ಆರ್‌ಎ ಕೇಳುವವರು. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಲೇಬೇಕು.

ಪಾಲಿಕೆಗೆ ಕೊಟ್ಟ ಲೆಕ್ಕ ಮಾತ್ರ ಬೇರೆಯಾಗಿತ್ತು. ಮನೆ ಕಂದಾಯದ ಅರ್ಜಿಯಲ್ಲಿ ಮೂರೂ ಅಂತಸ್ತು ‘ಸ್ವಂತ ವಾಸ’. ಫಾರಂ ತುಂಬಿಕೊಟ್ಟ ಮಧ್ಯವರ್ತಿ ಹೇಳಿದ ಮಾತು ಇಷ್ಟು: ‘ಎಲ್ಲರೂ ಹೀಗೇ ಹಾಕೋದು ಸಾರ್, ಅರ್ಧ ಉಳಿಯುತ್ತೆ.’

ಅರ್ಧ ಎಂಬ ಮಾತೇನೋ ನಿಜ. ಬೆಂಗಳೂರಿನಲ್ಲಿ 2008ರಿಂದ ನಡೆದುಬಂದ ಯೂನಿಟ್ ಏರಿಯಾ ಮೌಲ್ಯ ಪದ್ಧತಿಯಲ್ಲಿ ಬಾಡಿಗೆ ಕೊಟ್ಟ ಜಾಗಕ್ಕೆ ಚದರಡಿ ದರ ಸ್ವಂತ ವಾಸದ ಎರಡರಷ್ಟು. ಭಾವನ ಮನೆಯ ಪ್ರತಿ ಅಂತಸ್ತೂ ಹೆಚ್ಚುಕಡಿಮೆ ಒಂದೇ ಅಳತೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿ, ಏಪ್ರಿಲ್ ತಿಂಗಳ ಶೇ 5 ರಿಯಾಯಿತಿಯನ್ನೂ ಬದಿಗಿಟ್ಟರೆ, ಒಂದು ಅಂತಸ್ತಿಗೆ ಸ್ವಂತ ವಾಸದ ದರದಲ್ಲಿ 6,000, ಬಾಡಿಗೆ ದರದಲ್ಲಿ 12,000. ಇದ್ದದ್ದನ್ನು ಇದ್ದಹಾಗೆ ಬರೆದಿದ್ದರೆ ವರ್ಷಕ್ಕೆ 30,000 ಕಟ್ಟಬೇಕಿತ್ತು. ಅವರು ಕಟ್ಟುತ್ತಿದ್ದದ್ದು 18,000. ಉಳಿತಾಯ 12,000 ಎಂದೇ ಮನೆಯವರೆಲ್ಲ ನಂಬಿದ್ದರು.

ಆ ನಂಬಿಕೆ ತಪ್ಪಿದ್ದು ಆದಾಯ ತೆರಿಗೆಯ ಕಡೆಯಿಂದ. ಬಾಡಿಗೆ ಮನೆಗೆ ಮಾಲೀಕರು ಸ್ಥಳೀಯ ಸಂಸ್ಥೆಗೆ ಕಟ್ಟಿದ ತೆರಿಗೆಯನ್ನು ಬಾಡಿಗೆ ಆದಾಯದಿಂದ ಕಳೆಯಬಹುದು. 1961ರ ಕಾಯ್ದೆಯ 23ನೇ ಸೆಕ್ಷನ್ನು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕಳೆದು ಉಳಿದದ್ದರಲ್ಲಿ ಮತ್ತೆ ಶೇ 30 ಸ್ಟ್ಯಾಂಡರ್ಡ್ ಡಿಡಕ್ಷನ್. ಭಾವನವರು ಶೇ 30 ಪಡೆಯುತ್ತಿದ್ದರು, ಪಾಲಿಕೆ ತೆರಿಗೆಯ ಸಾಲನ್ನು ಖಾಲಿ ಬಿಡುತ್ತಿದ್ದರು. ಬಿಡದೆ ದಾರಿಯೂ ಇರಲಿಲ್ಲ. ರಸೀದಿಯಲ್ಲಿ ‘ಸ್ವಂತ ವಾಸ’ ಎಂದಿರುವ ಮಹಡಿಯ ಕಂದಾಯವನ್ನು ಬಾಡಿಗೆ ಮನೆಯ ಖರ್ಚೆಂದು ತೋರಿಸಿ, ನಾಳೆ ಯಾರಾದರೂ ರಸೀದಿ ಕೇಳಿದರೆ ಏನು ಹೇಳುವುದು?

ಲೆಕ್ಕವನ್ನು ಒಂದು ಸಲ ನಿಧಾನವಾಗಿ ಬಿಡಿಸೋಣ. ವರ್ಷದ ಬಾಡಿಗೆ 4,80,000. ತೆರಿಗೆ ಕಳೆಯದಿದ್ದರೆ ಶೇ 30 ಹೋಗಿ ತೆರಿಗೆಗೆ ಒಳಪಡುವುದು 3,36,000. ಬಾಡಿಗೆ ಅಂತಸ್ತುಗಳ 24,000 ಕಳೆದರೆ ಉಳಿಯುವುದು 4,56,000. ಅದರ ಶೇ 30, ಅಂದರೆ 1,36,800 ತೆಗೆದರೆ 3,19,200. ವ್ಯತ್ಯಾಸ 16,800. ಸೆಸ್ ಸೇರಿ ಶೇ 31.2ರ ದರದಲ್ಲಿ ಉಳಿಯುವ ಆದಾಯ ತೆರಿಗೆ 5,242 ರೂಪಾಯಿ. ಕಟ್ಟಿದ ಪ್ರತಿ ನೂರು ರೂಪಾಯಿ ಕಂದಾಯಕ್ಕೆ 21 ರೂಪಾಯಿ 84 ಪೈಸೆ ಹೀಗೆ ವಾಪಸ್ ಬರುತ್ತದೆ.

ಹಾಗಾಗಿ ಸುಳ್ಳು ಘೋಷಣೆಯಿಂದ ವರ್ಷಕ್ಕೆ ಉಳಿಯುತ್ತಿದ್ದದ್ದು 12,000 ಅಲ್ಲ, 6,758. ಐದು ವರ್ಷಕ್ಕೆ 33,792.

ಆರನೇ ವರ್ಷ, 2025ರ ಜನವರಿಯಲ್ಲಿ, ಪಾಲಿಕೆಯವರು ಪರಿಶೀಲನೆಗೆ ಬಂದರು. ಮೂರು ವಿದ್ಯುತ್ ಮೀಟರು, ಮೂರು ಬೇರೆ ಸಂಸಾರ. ಐದು ವರ್ಷದ ವ್ಯತ್ಯಾಸ 60,000, ಅಷ್ಟೇ ದಂಡ, ಮೇಲೆ ಬಡ್ಡಿ. ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 1,20,000 ರೂಪಾಯಿ ಕೈಬಿಟ್ಟುಹೋಯಿತು.

ಆ ಹಣ ಕಟ್ಟಿದ ಮೇಲೆ ಅಂಕಣಕಾರ ಭಾವನ ಪಕ್ಕದಲ್ಲಿ ಕೂತು ರಿಟರ್ನ್ಸ್ ತಯಾರಿಸಿದ. ಅವರ ಆಡಿಟರ್ ‘ಹಳೇ ವರ್ಷದ ಬಾಕಿ, ಈ ವರ್ಷಕ್ಕೆ ಬರಲ್ಲ’ ಎಂದಿದ್ದರು. ಬರುತ್ತದೆ. ತೆರಿಗೆ ಯಾವ ವರ್ಷದ್ದಾದರೂ ಸರಿ, ಮಾಲೀಕರು ನಿಜವಾಗಿ ಹಣ ಕಟ್ಟಿದ ವರ್ಷದಲ್ಲೇ ಅದನ್ನು ಕಳೆಯಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದರಂತೆ 60,000ವನ್ನು ತೋರಿಸಿದಾಗ 13,104 ರೂಪಾಯಿ ತೆರಿಗೆ ಕಡಿಮೆಯಾಯಿತು. ದಂಡ ಮತ್ತು ಬಡ್ಡಿ ತೆರಿಗೆಯಲ್ಲ, ಅವನ್ನು ಮುಟ್ಟಲಿಲ್ಲ. ಆದರೆ ಹಿಂದಿನ ಐದು ವರ್ಷ ಕಟ್ಟಿದ್ದ ಹಣದಲ್ಲಿ ಮೇಲಿನ ಎರಡು ಅಂತಸ್ತಿನ ಪಾಲಿಗೆ, ವರ್ಷಕ್ಕೆ 12,000ಕ್ಕೆ, ಸಿಗಬೇಕಿದ್ದ ಕಡಿತ ಹೋದದ್ದು ಹೋಯಿತು. ಅವಧಿ ಮುಗಿದ ಮೇಲೆ ಸಲ್ಲಿಸುವ ಅಪ್‌ಡೇಟೆಡ್ ರಿಟರ್ನ್‌ನಲ್ಲಿ ತೆರಿಗೆ ಹೆಚ್ಚು ಕಟ್ಟಬಹುದೇ ಹೊರತು ರೀಫಂಡ್ ಕೇಳುವಂತಿಲ್ಲ.

ಒಟ್ಟು ಕೂಡಿಸಿ ನೋಡಿದರೆ, ಮೊದಲಿನಿಂದ ಸರಿಯಾಗಿ ಕಟ್ಟಿದ್ದರೆ ಐದು ವರ್ಷಕ್ಕೆ ನಿವ್ವಳ ಖರ್ಚು 1,23,792. ನಡೆದದ್ದು 1,96,896. ‘ಅರ್ಧ ಉಳಿಯುತ್ತೆ’ ಎಂಬ ಸಲಹೆಯ ಬೆಲೆ 73,104 ರೂಪಾಯಿ, ಬಡ್ಡಿ ಬಿಟ್ಟು.

ಈ ಸಂಸಾರ ಇನ್ನೊಂದು ಕಡೆಯೂ ಹಣ ಸುರಿಯುತ್ತಿತ್ತು. ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ಬ್ಯಾಂಕಿನವರೊಬ್ಬರು ಮನೆಗೇ ಬಂದು, ಬಾಡಿಗೆ ಮೇಲಿನ ತೆರಿಗೆ ಉಳಿಸಲು ವರ್ಷಕ್ಕೆ ಒಂದು ಲಕ್ಷದ ಎಂಡೋಮೆಂಟ್ ಪಾಲಿಸಿ ಮಾಡಿಸಿದ್ದರು. ಇಂಥ ಪಾಲಿಸಿಗಳು ವಿಮೆಯಾಗಿ ಸಾಲವು, ಹೂಡಿಕೆಯಾಗಿ ಬೆಳೆಯವು. ಎರಡನೇ ವರ್ಷದ ಪ್ರೀಮಿಯಂ ಕಟ್ಟಿ ಬಿಟ್ಟರೆ ಆಗಿನ ನಿಯಮದಂತೆ ಖಾತರಿಯಾಗಿ ಸಿಗುತ್ತಿದ್ದದ್ದು ಕಟ್ಟಿದ್ದರ ಶೇ 30 ಮಾತ್ರ. ಭಾವ ಹೊಸ ತೆರಿಗೆ ಪದ್ಧತಿಗೆ ಬಂದ ಮೇಲಂತೂ ಪ್ರೀಮಿಯಂಗೆ ಸಿಗುತ್ತಿದ್ದ 80ಸಿ ಕಡಿತ ಇಲ್ಲವೇ ಇಲ್ಲ, ಕಂತು ಮಾತ್ರ ವರ್ಷ ವರ್ಷ ಹೋಗುತ್ತಲೇ ಇದೆ. ಅದೇ ಹೊಸ ಪದ್ಧತಿಯಲ್ಲಿ ಬಾಡಿಗೆ ಮನೆಯ ಪಾಲಿಕೆ ತೆರಿಗೆಯೂ ಶೇ 30ರ ಕಡಿತವೂ ಹಾಗೇ ಉಳಿದಿವೆ. ಒಂದು ಪೈಸೆ ಹೊಸದಾಗಿ ಹೂಡದೆ ಸಿಗುವ ಕಡಿತ ಇದು. ಇದನ್ನು ಹೇಳಿದರೆ ಕಮಿಷನ್ ಬರುವುದಿಲ್ಲ, ಅದಕ್ಕೇ ಯಾವ ಏಜೆಂಟೂ ಇದರ ಸುದ್ದಿ ಎತ್ತುವುದಿಲ್ಲ.

ಸ್ವಂತಕ್ಕೆ ವಾಸವಿರುವ ಮನೆಯ ಕಂದಾಯಕ್ಕೆ ಭಾರತದಲ್ಲಿ ಈ ಕಡಿತವಿಲ್ಲ. ಅಂಥ ಮನೆಯ ವಾರ್ಷಿಕ ಮೌಲ್ಯವೇ ಸೊನ್ನೆ. ಅಮೆರಿಕದಲ್ಲಿರುವ ಮಕ್ಕಳು ‘ನಾವು ವಾಸದ ಮನೆಯ ಪ್ರಾಪರ್ಟಿ ಟ್ಯಾಕ್ಸ್ ಕಳೀತೀವಿ’ ಎಂದಾಗ ಇಲ್ಲಿನ ತಂದೆತಾಯಿ ಗೊಂದಲಕ್ಕೆ ಬೀಳುತ್ತಾರೆ. ಅಲ್ಲಿಯ ಕಾನೂನು ಬೇರೆ. ರಾಜ್ಯ ಮತ್ತು ಸ್ಥಳೀಯ ತೆರಿಗೆಗಳೆಲ್ಲ ಸೇರಿ 2018ರಿಂದ 10,000 ಡಾಲರ್ ಮಿತಿಯಿತ್ತು, 2025ಕ್ಕೆ ಅದನ್ನು 40,000ಕ್ಕೆ ಏರಿಸಿದ್ದಾರೆ. ಅದೂ ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸುವವರಿಗೆ ಮಾತ್ರ, ಆದಾಯ ತೀರಾ ಹೆಚ್ಚಿದ್ದರೆ ಮಿತಿ ಇಳಿಯುತ್ತದೆ.

ಇಲ್ಲಿ ಗಮನಿಸಬೇಕಾದವು ಬೇರೆ. ಕಂದಾಯವನ್ನು ಬಾಡಿಗೆದಾರರು ಕಟ್ಟಿದರೆ ಮಾಲೀಕರಿಗೆ ಕಡಿತವಿಲ್ಲ. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್, ನೀರಿನ ಬಿಲ್ಲು, ಬಣ್ಣ ಹೊಡೆಸಿದ ಖರ್ಚು ಯಾವುದೂ ಇದರಲ್ಲಿ ಸೇರದು. ಅವಕ್ಕೆಲ್ಲ ಆ ಶೇ 30 ಇದೆ. ಒಂದೇ ಕಟ್ಟಡದಲ್ಲಿ ಸ್ವಂತ ವಾಸ, ಬಾಡಿಗೆ ಎರಡೂ ಇದ್ದರೆ ಕಂದಾಯವನ್ನು ಹಂಚಬೇಕು. ಬರೀ ಚದರಡಿ ಲೆಕ್ಕದಲ್ಲಿ ಹಂಚಿದರೆ ಭಾವನ 30,000ದಲ್ಲಿ ಮೂರನೇ ಎರಡು ಪಾಲು, ಅಂದರೆ 20,000 ಬರುತ್ತದೆ. ಬಾಡಿಗೆ ಜಾಗಕ್ಕೆ ಎರಡರಷ್ಟು ದರ ಕೊಟ್ಟಿರುವುದರಿಂದ ಸರಿಯಾದ ಪಾಲು 24,000. ಅರ್ಜಿಯ ಪ್ರತಿಯಲ್ಲಿ ಆ ವಿಂಗಡಣೆ ಇರುತ್ತದೆ, ರಸೀದಿಯ ಜೊತೆ ಅದನ್ನೂ ಇಟ್ಟುಕೊಳ್ಳಬೇಕು. ಈ ಕಾಗದ ಕೂಡಿಡುವ ಅಭ್ಯಾಸವೇ ನಮ್ಮಲ್ಲಿ ಕಡಿಮೆ. ಮಗಳ ಮದುವೆಯ ಖರ್ಚಿನ ಪುಸ್ತಕವನ್ನು ಇಪ್ಪತ್ತು ವರ್ಷ ಕಾಪಾಡುವ ಮನೆಯಲ್ಲಿ ಹೋದ ವರ್ಷದ ಕಂದಾಯದ ರಸೀದಿ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ರಿಯಾಯಿತಿ ಇರುವಾಗಲೇ ಮಾಲೀಕರ ಖಾತೆಯಿಂದಲೇ ಕಟ್ಟಿ, ರಸೀದಿ ಇಳಿಸಿಕೊಂಡು, ಬಾಡಿಗೆ ಅಗ್ರಿಮೆಂಟಿನ ಜೊತೆ ಒಂದೇ ಫೈಲಿಗೆ ಸೇರಿಸಲು ಅರ್ಧ ಗಂಟೆ ಸಾಕು. ಈ ಕಾಗದ ಮುಂದೆಯೂ ಬೇಕು: 1961ರ ಕಾಯ್ದೆಯ ಜಾಗದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲೂ ಪಾಲಿಕೆ ತೆರಿಗೆ ಕಳೆದ ಮೇಲಿನ ಮೊತ್ತಕ್ಕೇ ಶೇ 30.

ಬಾಕಿ ಇರುವವರು ಇನ್ನೊಂದನ್ನು ನೋಡಬೇಕು: ದಿನಾಂಕ. ಭಾವನಿಗೆ ನೋಟಿಸ್ ಬಂದಾಗ ಎರಡನೇ ಮಹಡಿಯವರು ಮಾರ್ಚ್ ಕೊನೆಗೆ ಖಾಲಿ ಮಾಡುವುದು, ಅಲ್ಲಿಗೆ ಮಗ ಸೊಸೆ ಬರುವುದು ಆಗಲೇ ನಿಶ್ಚಯವಾಗಿತ್ತು. ಭಾವ ಸಂಬಳದ ಬೋನಸ್ ಬರಲಿ, ಏಪ್ರಿಲ್‌ನಲ್ಲಿ ಕಟ್ಟೋಣ ಎನ್ನುತ್ತಿದ್ದರು. ಏಪ್ರಿಲ್ ಬಂದರೆ ಆ ಮಹಡಿ ಸ್ವಂತ ವಾಸವಾಗುತ್ತದೆ, ಅದರ ಪಾಲಿನ 30,000 ಬಾಕಿಯನ್ನು ಕಳೆಯಲು ಬಾಡಿಗೆಯೇ ಇರುವುದಿಲ್ಲ, 6,552 ರೂಪಾಯಿ ಕೈತಪ್ಪುತ್ತದೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅವರು ಒಂದು ಎಫ್‌ಡಿ ಮುರಿಸಿ ಮಾರ್ಚ್ 28ರಂದು ಪೂರ್ತಿ ಬಾಕಿ ಕಟ್ಟಿದರು. ಹೊಸ ವರ್ಷದ ಅರ್ಜಿಯಲ್ಲಿ ಈಗ ಮೊದಲ ಮಹಡಿ ಮಾತ್ರ ಬಾಡಿಗೆ ಎಂದಿದೆ, ರಿಟರ್ನ್ಸ್‌ನಲ್ಲೂ ಹಾಗೇ ಇದೆ.