ಮನೆಯ ಕಚೇರಿಗೆ ಮೇಜಿನ ಆಯ್ಕೆ

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೇಜಿನ ವಿಷಯವಾಗಿ ಬರೆಯುವಂಥದು ಏನಿದೆ ಎಂದು ಮಿತ್ರರು ನಗಬಹುದು. ಮೇಜು ಬಡಿಗೇರನಿಗೆ ಸಂಬಂಧಿಸಿದ ವಿಷಯ. ಕಲಾ ವಿದ್ಯಾರ್ಥಿಗೆ ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರಗಳು ಸಾಲವೆ ಎಂದು ಕೇಳಲೂಬಹುದು. ಆದರೆ ಈ ಮೂರನ್ನೂ ನಾವು ಓದುವುದು ಎಲ್ಲಿಯೋ ಒಂದೆಡೆ ಕುಳಿತುಕೊಂಡೇ ಅಲ್ಲವೆ? ಕುಳಿತ ಜಾಗ ಸರಿಯಿಲ್ಲದಿದ್ದರೆ ಪಾಠ ತಲೆಗೆ ಹೋಗುವ ಮೊದಲೇ ನೋವು ಬೆನ್ನಿಗೆ ಹೋಗುತ್ತದೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನ ಅಕ್ಕನ ಬೆನ್ನುನೋವಿನಿಂದ ಕಲಿತೆನು.

ಮನೆಯಲ್ಲಿ ಕುಳಿತು ಕಚೇರಿಯ ಕೆಲಸ ಮಾಡುವ ಪದ್ಧತಿ 2020ರ ಕೊರೊನಾ ಕಾಲದಲ್ಲಿ ಹುಟ್ಟಿತೆಂದು ಹಲವರ ತಿಳಿವಳಿಕೆ. ನಮ್ಮ ಸೀಮೆಗೆ ಇದು ಹೊಸದಲ್ಲ. ಈ ಭಾಗವು ಮುಂಬಯಿ ಪ್ರಾಂತದಲ್ಲಿದ್ದಾಗ ಊರಿನ ಲೆಕ್ಕಪತ್ರ ಇಡುತ್ತಿದ್ದ ಕುಲಕರ್ಣಿಗೆ ಅವನ ಮನೆಯ ಪಡಸಾಲೆಯೇ ಕಚೇರಿಯಾಗಿತ್ತು. 1950ರ ಕಾಯ್ದೆಯಿಂದ ಆ ವತನ ರದ್ದಾಯಿತು. ದಫ್ತರ ಸರಕಾರದ ಕೈಸೇರಿತು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880-1964) ತಾಳೆಯೋಲೆಯ ಕಟ್ಟುಗಳನ್ನು ಮನೆಯಲ್ಲಿ ಕೂಡಿಹಾಕಿ, ಓದಿ, ನಕಲು ಮಾಡಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅಂದಬಳಿಕ ಮನೆಯ ಕಚೇರಿಯಿಂದ ಸಣ್ಣ ಕೆಲಸವೇ ಆಗುತ್ತದೆಂದು ತಿಳಿಯಬೇಕಾಗಿಲ್ಲ.

ನಮ್ಮ ಮನೆ ಸಿಂದಗಿಯಲ್ಲಿ. ಅಕ್ಕ ಬಿ.ಕಾಂ. ಮುಗಿಸಿ, ಎರಡು ಅಡತಿ ಅಂಗಡಿಗಳ ಲೆಕ್ಕವನ್ನು ಮನೆಯಲ್ಲಿಯೇ ಬರೆಯುತ್ತಾಳೆ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಂದಿನಿಂದ ವ್ಯಾಪಾರಿಗಳಿಗೆ ಇಂಥವರು ಬೇಕಾಗಿದ್ದಾರೆ. ಮೊದಲು ಅವಳು ಹೊರಸಿನ ಮೇಲೆ ಕುಳಿತು, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನಕ್ಕೆ ಆರು ತಾಸು ಕೆಲಸ ಮಾಡುತ್ತಿದ್ದಳು. ನಾನು ಬಿ.ಎ. ಸೇರಿದ ವರ್ಷ ಮನೆಗೆ ಒಂದು ಮೇಜು ತರುವುದೆಂದು ಗೊತ್ತಾಯಿತು. ಹಣ ಅಕ್ಕನದು. ಆದರೆ ಮೇಜು ನನ್ನ ಓದಿಗೆಂದು ಎಲ್ಲರೂ ತಿಳಿದರು. ನಾನೂ ಹಾಗೆಯೇ ತಿಳಿದೆ. ನಾಚಿಕೆಯಿಂದಲಾದರೂ ಇದನ್ನು ಇಲ್ಲಿ ಹೇಳಲೇಬೇಕು.

ಪೇಟೆಯ ಒಂದು ಅಂಗಡಿಯಿಂದ ಹೊಳಪಿನ ಮೇಜನ್ನು ನಾನೇ ಆರಿಸಿ ತಂದೆ. ಮೂರು ಖಾನೆ, ಮೇಲೆ ಪುಸ್ತಕದ ಕಪಾಟು, ನೋಡಲು ಚೆಂದ. ಎತ್ತರ ಮೂವತ್ತು ಇಂಚು. ಹಗಲು ನಾನು ಕಾಲೇಜಿಗೆ ಬಂದಾಗ ಅಕ್ಕ ಅಲ್ಲಿ ಕೂಡುವಳು. ತಿಂಗಳೊಳಗೆ ಅವಳ ಹೆಗಲು, ಕುತ್ತಿಗೆ ಹಿಡಿದುಕೊಂಡವು. "ತಮ್ಮಾ, ಹೊರಸಿನ ಮ್ಯಾಲಿದ್ದಾಗ ಬೆನ್ನ ನೋಯ್ತಿತ್ತು, ಈಗ ಕುತ್ತಿಗಿ ನೋಯ್ತೈತಿ. ಒಂದು ಅಂಗಡಿ ಲೆಕ್ಕ ಬಿಟ್ಟಬಿಡ್ತೀನಿ" ಎಂದಳು. ಆ ಅಂಗಡಿಯ ಹಣದಿಂದಲೇ ನನ್ನ ಫೀ ಕಟ್ಟಲಾಗುತ್ತಿತ್ತು. ಮಳೆಗಾಲದಲ್ಲಿ ಮಾಳಿಗೆ ಸೋರಿ ಮೇಜಿನ ಅಂಚು ರೊಟ್ಟಿಯಂತೆ ಉಬ್ಬಿತು. ಆಗ ನಾನು ಈ ವಿಷಯವನ್ನು ಅಭ್ಯಾಸ ಮಾಡಲು ತೊಡಗಿದೆ.

ಮೊದಲನೆಯ ಪಾಠ ದೊರೆತುದು ಮುದ್ದೇಬಿಹಾಳದಲ್ಲಿ, ತಾಯಿಯ ತವರುಮನೆಯಲ್ಲಿ. ಅಲ್ಲಿ ಮುತ್ತಜ್ಜನ ಕಾಲದ ಒಂದು ಡೆಸ್ಕು ಇದೆ: ನೆಲದ ಮೇಲೆ ಗಾದಿ ಹಾಕಿಕೊಂಡು ಕುಳಿತು ಬರೆಯುವ ಪೆಟ್ಟಿಗೆ. ಮುಂಭಾಗ ತಗ್ಗು, ಹಿಂಭಾಗ ಎತ್ತರ, ಮುಚ್ಚಳ ತೆಗೆದರೆ ಒಳಗೆ ವಹಿಗಳಿಗೆ ಜಾಗ. ಚಕ್ಕಳಮಕ್ಕಳ ಹಾಕಿಕೊಂಡು ಕುಳಿತು ಕೈಯಿಟ್ಟು ನೋಡಿದೆ. ಹಲಗೆ ಸರಿಯಾಗಿ ಮೊಣಕೈಯ ಮಟ್ಟಕ್ಕೆ ಬಂದಿತು. ಇಳಿಜಾರಿನಿಂದಾಗಿ ಕುತ್ತಿಗೆ ಹೆಚ್ಚು ಬಾಗಲಿಲ್ಲ. ಆ ಕಾಲದವರು ಮೇಜನ್ನು ಮೈಗೆ ಹೊಂದಿಸಿದ್ದರು. ನಾನು ಅಕ್ಕನ ಮೈಯನ್ನು ಮೇಜಿಗೆ ಹೊಂದಿಸಹೊರಟಿದ್ದೆ.

ಎರಡನೆಯ ಪಾಠ ಬೆಳಕಿನದು. ಇಂಡಿಯಲ್ಲಿ ಸೋದರಮಾವನ ಮಗ ಕಿಟಕಿಗೆ ಬೆನ್ನುಮಾಡಿ ಮೇಜು ಹಾಕಿದ್ದನು. ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದು ಅಕ್ಷರ ಮಸಕಾಗುತ್ತಿದ್ದವು. ಕಿಟಕಿಗೆ ಎದುರಾಗಿ ಇಟ್ಟರೆ ಹೊರಗಿನ ಬಿಸಿಲು ಕಣ್ಣು ಕುಕ್ಕಿತು. ಪಕ್ಕಕ್ಕೆ ತಿರುಗಿಸಿದಾಗ ಎರಡೂ ತಪ್ಪಿತು. ಬಲಗೈಯಿಂದ ಬರೆಯುವವರಿಗೆ ಕಿಟಕಿ ಎಡಕ್ಕಿರಬೇಕು, ಆಗ ಕೈಯ ನೆರಳು ಬರಹದ ಮೇಲೆ ಬೀಳದು. ಎಡಗೈಯವರಿಗೆ ಇದರ ಉಲ್ಟಾ. ನಮ್ಮ ಮಾಳಿಗೆ ಮನೆಗಳ ಗೋಡೆ ದಪ್ಪ, ಕಿಟಕಿ ಚಿಕ್ಕವು. ಆದುದರಿಂದ ಮೇಜು ಕೊಳ್ಳುವ ಮೊದಲು ಬೆಳಕು ಎಲ್ಲಿ ಬೀಳುತ್ತದೆಂದು ನೋಡಿ, ಆ ಜಾಗಕ್ಕೆ ಒಪ್ಪುವ ಉದ್ದಗಲವನ್ನು ಗೊತ್ತುಮಾಡಬೇಕು.

ಮೂರನೆಯ ಪಾಠ, ಎಲ್ಲಕ್ಕಿಂತ ದೊಡ್ಡದು, ಬಸವನ ಬಾಗೇವಾಡಿಯಲ್ಲಿ ತಂದೆಯ ಪರಿಚಯದ ಬಡಿಗೇರ ಕಾಕಾನಿಂದ ದೊರೆಯಿತು. ಹೊಸ ಮೇಜು ಬೇಕೆಂದಾಗ ಅವನು ಅಳತೆಯನ್ನು ಕೇಳಲಿಲ್ಲ. "ಇದರ ಮುಂದ ಭಾಳ ಹೊತ್ತು ಕೂಡವ್ರು ಯಾರೋ ತಮ್ಮಾ?" ಎಂದನು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕ" ಎಂದೆ. "ಹಂಗಾದ್ರ ಅಕೀನ್ನ ಕರ್ಕೊಂಡ ಬಾ. ನಿಮ್ಮ ಕುರ್ಚೀನೂ ತಗೊಂಡ ಬಾ. ಮೊದಲ ಮನಿಶ್ಯಾನ್ನ ಅಳೀಬೇಕು, ಆಮ್ಯಾಲ ಕಟಗಿ."

ಮುಂದಿನ ವಾರ ಅಕ್ಕನನ್ನೂ ಕುರ್ಚಿಯನ್ನೂ ಕರೆದೊಯ್ದೆ. ಪಾದ ನೆಲಕ್ಕೆ ಪೂರ್ತಿ ಊರುವಂತೆ ಅವಳನ್ನು ಕೂಡ್ರಿಸಿ, ಹೆಗಲು ಸಡಿಲುಬಿಟ್ಟು ಮೊಣಕೈ ಮಡಿಚಲು ಹೇಳಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿದನು. ಇಪ್ಪತ್ತೈದು ಇಂಚು ಬಂದಿತು. ನಾನು ತಂದ ಮೇಜು ಐದು ಇಂಚು ಎತ್ತರ! ಆರು ತಾಸು ಅವಳು ಹೆಗಲನ್ನು ಎತ್ತಿಹಿಡಿದೇ ಕೆಲಸ ಮಾಡುತ್ತಿದ್ದಳು. ಎತ್ತರದ ಮೇಜನ್ನು ಬದಲಿಸಲಾಗದವರು ಕುರ್ಚಿಯ ಮೇಲೆ ಗಾದಿ ಹಾಕಿ ಎತ್ತರಿಸಿ, ಪಾದದ ಕೆಳಗೆ ಮಣೆ ಇಟ್ಟುಕೊಳ್ಳಬಹುದು. ಆದರೆ ಹೊಸದಾಗಿ ಮಾಡಿಸುವವರು ಹೆಚ್ಚು ಹೊತ್ತು ಕೂಡುವವರ ಅಳತೆಗೇ ಮಾಡಿಸಬೇಕು. "ನೀ ಉದ್ದ ಇದ್ದಿ, ನಿನ್ನ ಪಾಳಿ ಬಂದಾಗ ನಾಕೂ ಕಾಲಿಗೆ ಕಟಗಿ ತುಂಡು ಕೊಡು" ಎಂದು ಕಾಕಾ ಹೇಳಿದನು. ತಗ್ಗಿನ ಮೇಜನ್ನು ಎತ್ತರಿಸುವುದು ಸುಲಭ, ಎತ್ತರದ್ದನ್ನು ತಗ್ಗಿಸುವುದು ಕಷ್ಟ. ತುಂಡುಗಳ ನಡುವೆ ಕಾಲು ಕೂಡುವಷ್ಟು ತಗ್ಗು ಕೊರೆದಿದ್ದರೆ ಮೇಜು ಜಾರುವುದಿಲ್ಲ.

ಇನ್ನು ಕಟ್ಟಿಗೆಯ ವಿಚಾರ. ಅಂಗಡಿಯ ಅಗ್ಗದ ಮೇಜುಗಳು ಬಹಳವಾಗಿ ಕಟ್ಟಿಗೆಯ ಚೂರನ್ನು ಅಂಟಿನಲ್ಲಿ ಒತ್ತಿದ ಹಲಗೆಯವು. ನೀರು ತಾಕಿದರೆ ಉಬ್ಬುತ್ತವೆ. ಒಮ್ಮೆ ಬಿಚ್ಚಿದ ತಿರುಪು ಮತ್ತೆ ಬಿಗಿಯಾಗಿ ಕೂಡುವುದಿಲ್ಲ. ಪ್ಲೈವುಡ್ಡಿನಲ್ಲಿ ತೆಳು ಪದರುಗಳ ಎಳೆಗಳನ್ನು ಅಡ್ಡಡ್ಡ ಅಂಟಿಸಿರುವುದರಿಂದ ಅದು ಸುಲಭವಾಗಿ ಸೀಳದು. ಸಾಗವಾನಿ ಉತ್ತಮ, ಆದರೆ ಬೆಲೆ ನಮ್ಮಂಥವರ ಕೈಗೆಟುಕದು. ನಮ್ಮ ಹೊಲಗಳಲ್ಲಿಯೇ ಬೇವು, ಜಾಲಿ ಇವೆ. ಬೇವಿಗೆ ಹುಳು ಬೀಳುವುದು ಕಡಿಮೆ. ಜಾಲಿ ಗಟ್ಟಿ, ಬಂಡಿ ಕುಂಟೆಗಳಿಗೆ ಬಳಕೆಯಾದ ಕಟ್ಟಿಗೆ. ಹಸಿ ಹಲಗೆ ಮಾತ್ರ ಕೂಡದು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದು ಒಣಗಿ ಸೊಟ್ಟಾಗುತ್ತದೆ, ಸೀಳುತ್ತದೆ. ನಮ್ಮ ಹೊಲದಲ್ಲಿ ಎರಡು ವರ್ಷ ಹಿಂದೆ ಬಿದ್ದ ಬೇವನ್ನು ಕೊಯ್ಸಿ ನೆರಳಿನಲ್ಲಿ ಒಟ್ಟಿದ್ದೆವು, ಅದೇ ಮೇಲುಹಲಗೆಯಾಯಿತು. ಕಾಲುಗಳು ಜಾಲಿಯವು.

ಉದ್ದ ನಾಲ್ಕು ಅಡಿ, ಅಗಲ ಎರಡು ಅಡಿ. ಲ್ಯಾಪ್‌ಟಾಪ್ ಒಂದು ತೋಳಿನಷ್ಟು ದೂರ, ಪಕ್ಕದಲ್ಲಿ ಒಂದು ವಹಿ ತೆರೆದಿಡಲು ಇಷ್ಟು ಸಾಕು. ಲ್ಯಾಪ್‌ಟಾಪಿನ ಪರದೆ ತಗ್ಗಿನಲ್ಲಿರುವುದರಿಂದ ಅದರ ಕೆಳಗೆ ಎರಡು ಹಳೆಯ ವಹಿ ಇಟ್ಟು, ಬೇರೆ ಕೀಲಿಮಣೆ ಜೋಡಿಸಿದೆವು. ಖಾನೆಯನ್ನು ತೊಡೆಗೆ ತಾಕುವಂತೆ ನಡುವೆ ಇಡದೆ ಬಲಬದಿಗೆ ಮಾಡಿಸಿದೆವು. ಅದಕ್ಕೊಂದು ಕೀಲಿ. ಕೀಲಿಕೈ ಅಕ್ಕನ ಹತ್ತಿರ.

ಮೇಜು ಬಂದ ಮೊದಲನೆಯ ದಿನ ಅವ್ವ ಅದರ ಮೇಲೆ ಕಾಳಿನ ಮರ ಇಟ್ಟಳು. ಅಪ್ಪ ಅದನ್ನು ಎತ್ತಿ ಕೆಳಗಿಟ್ಟು, "ಇದು ಮಗಳ ಕಚೇರಿ" ಎಂದನು. ಅವನು ಹಾಗೆ ಹೇಳಿದುದು ಅದೇ ಮೊದಲು. ಅಕ್ಕ ಎರಡೂ ಅಂಗಡಿಗಳ ಲೆಕ್ಕವನ್ನು ಉಳಿಸಿಕೊಂಡಿದ್ದಾಳೆ. ತಾಸಿಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಅಡ್ಡಾಡುತ್ತಾಳೆ. ಎಷ್ಟು ಒಳ್ಳೆಯ ಮೇಜಾದರೂ ದಿನವಿಡೀ ಒಂದೇ ಭಂಗಿಯಲ್ಲಿ ಕೂಡಲಾಗದು.

ಸಹಪಾಠಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಮೇಜು ಕೊಳ್ಳಹೋಗುವಾಗ ಟೇಪು ಒಯ್ಯಿರಿ; ಮೊಣಕೈ, ಬೆಳಕು, ಜಾಗ ಈ ಮೂರನ್ನು ಅಳೆಯಿರಿ; ಹೊಳಪಿಗೆ ಮರುಳಾಗಬೇಡಿರಿ. ಇವೆಲ್ಲಕ್ಕಿಂತ ಮೊದಲು, ಅದರ ಮುಂದೆ ಹೆಚ್ಚು ಹೊತ್ತು ಕೂಡುವವರು ಯಾರೆಂದು ಮನೆಯಲ್ಲಿ ಕೇಳಿರಿ. ನಾನು ಈ ಲೇಖನವನ್ನು ಅಕ್ಕನ ಮೇಜಿನ ಮೇಲೆ, ನಾಲ್ಕು ಕಾಲಿಗೂ ಕಟ್ಟಿಗೆಯ ತುಂಡು ಕೊಟ್ಟು, ಅವಳ ಕೆಲಸ ಮುಗಿದ ಮೇಲೆ ಬರೆದಿದ್ದೇನೆ.