ಅಂತೋನಿಯೊ ನಮ್ಮ ಅಂತಪ್ಪನಾದದ್ದು

ಕೆಂಗೇರಿ, ರಾಜಾಜಿನಗರದ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಅಂತಪ್ಪ ಎಂಬ ಹೆಸರಿದೆ. ಅದು ಇಟಲಿಯ ‘ಅಂತೋನಿಯೊ’. ಮೂಲದಲ್ಲಿ ಹಳೇ ರೋಮಿನ ಒಂದು ಮನೆತನದ ಹೆಸರು. ‘ಹೂವು’ ಎಂಬ ಅರ್ಥ ಆಮೇಲೆ ಹಚ್ಚಿದ್ದು. ಪಾದುವಾದ ಸಂತ ಅಂತೋಣಿಯವರು ಹುಟ್ಟಿದ್ದು ಪೋರ್ಚುಗಲ್ಲಿನಲ್ಲಿ, ಫೆರ್ನಾಂದೊ ಆಗಿ! ಫ್ರಾನ್ಸಿಸ್ಕನ್ ಸಭೆ ಸೇರಿ ಹೆಸರು ಬದಲಾಯಿಸಿಕೊಂಡರು. ಇಟಲಿಯಲ್ಲಿ ತೀರಿಕೊಂಡದ್ದು 1231ರ ಜೂನ್ 13ರಂದು. ದೋರನಹಳ್ಳಿ ಜಾತ್ರೆಯೂ ಅದೇ ದಿನ. ನಮ್ಮವರು ‘ಅಪ್ಪ’ ಸೇರಿಸಿ ಅಂತೋಣಪ್ಪ, ಅಂತಪ್ಪ ಅಂದರು.

ಕರೆಯೋಕೆ ಚೆನ್ನ. ಆದರೆ ಜ್ಞಾನಸ್ನಾನದ ಪತ್ರದಲ್ಲಿ ಆಂಟನಿ, ಪಡಿತರ ಚೀಟಿಯಲ್ಲಿ ಅಂತಪ್ಪ, ಪಾಸ್‌ಬುಕ್ಕಲ್ಲಿ ಅಂತೋಣಿ ಅಂತಿದ್ದರೆ? ಗಂಡ ತೀರಿಕೊಂಡ ಮೇಲೆ, ಮೂವರೂ ಒಬ್ಬರೇ ಅಂತ ಹೆಂಡತಿಯೇ ಸಾಬೀತು ಮಾಡಬೇಕಾಗುತ್ತೆ. ಅವರು ಇರುವಾಗಲೇ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಕ್ಷರ ಬೇರೆಯಿದ್ದರೆ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ತಿದ್ದುಪಡಿಗೆ ಅರ್ಜಿ ಕೊಡಿ. ಮುಂದಿನ ಸಂಘದ ಸಭೆಗೆ ಜೆರಾಕ್ಸ್ ತನ್ನಿ.